ಗೌಡರು ಬಿಡಿಸಿ ಹೇಳಿದ ರೇಡಿಯೊ

ಬ್ಯಾಟರಿಯ ಬಿರಡೆ ತೆಗೆದು ಗಾಜಿನ ನಳಿಗೆಯನ್ನು ಆ್ಯಸಿಡ್ಡಿನೊಳಗೆ ಇಳಿಸಿದೆ. ತುದಿಯ ರಬ್ಬರ್ ಗುಂಡನ್ನು ಹಿಚುಕಿ ಬಿಟ್ಟೆ. ಆ್ಯಸಿಡ್ಡು ನಳಿಗೆಯೊಳಗೆ ಏರಿತು, ಅದರಲ್ಲಿದ್ದ ತೇಲುಗಡ್ಡಿ ಎತ್ತರಕ್ಕೆ ನಿಂತಿತು. ಮೇಲೆ ನಿಂತರೆ ಬ್ಯಾಟರಿ ತುಂಬಿದೆ, ಮುಳುಗಿದರೆ ತೀರಿದೆ. ಇಷ್ಟೇ ಅದರ ವಿದ್ಯೆ. ಹದಿನೈದು ದಿನಗಳ ಹಿಂದೆ ನಾನೇ ಜೋಡಿಸಿ ಹೋಗಿದ್ದ ಬ್ಯಾಟರಿ ಅದು. ಇಷ್ಟರಲ್ಲಿ ಕಡ್ಡಿ ಅರ್ಧಕ್ಕಿಂತ ಕೆಳಗೆ ಹೋಗಿರಬೇಕಿತ್ತು. ಹಿಂದಿನ ಸಲವೂ ಹೋಗಿರಲಿಲ್ಲ, ಈ ಸಲವೂ ಹೋಗಿರಲಿಲ್ಲ.

"ಯಾಕ್ರೀ ಮಾಸ್ತರ, ಬ್ಯಾಟರಿ ಕೆಟ್ಟೇತೇನು?" ಊರ ಗೌಡರು ತಮ್ಮ ಪಡಸಾಲೆಯ ತೂಗುಮಣೆಯ ಮೇಲಿಂದಲೇ ಕೇಳಿದರು.

"ಕೆಟ್ಟಿಲ್ರಿ. ಭಾಳ ಛಲೋ ಐತಿ."

"ಛಲೋ ಇದ್ರ ಮಾರಿ ಯಾಕ ಸಣ್ಣ ಮಾಡೀರಿ? ಮೊದಲ ಮಜ್ಜಿಗಿ ಕುಡೀರಿ."

ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿಹೋಗಿ ಕೆಲವು ವರ್ಷಗಳಾಗಿದ್ದವು. ಊರಿನ ಜನರೆಲ್ಲ ಕೂತು ಕೇಳಲಿ ಎಂದು ಸರಕಾರ ಹಳ್ಳಿಹಳ್ಳಿಗೆ ಒಂದೊಂದು ರೇಡಿಯೊ ಕೊಟ್ಟಿತ್ತು. ಬೀಗ ಹಾಕುವ ಮರದ ಪೆಟ್ಟಿಗೆ, ಧಾರವಾಡ ನಿಲಯ ಒಂದನ್ನೇ ಹಿಡಿಯುವಂತೆ ಕಟ್ಟಿಹಾಕಿದ ಮುಳ್ಳು, ಎರಡು ಬಿದಿರುಗಳ ನಡುವೆ ಬಿಗಿದ ಏರಿಯಲ್ ತಂತಿ. ಹಳ್ಳಿಗಳಲ್ಲಿ ಕರೆಂಟು ಇರಲಿಲ್ಲವಾದ್ದರಿಂದ ಎಲ್ಲವೂ ಆ್ಯಸಿಡ್ ಬ್ಯಾಟರಿಯ ಮೇಲೆ ನಡೆಯಬೇಕು. ಜಮಖಂಡಿಯಲ್ಲಿ ಬ್ಯಾಟರಿಗಳಿಗೆ ಚಾರ್ಜು ತುಂಬಿಸಿ, ಬಸ್ಸಿನ ತಲೆಯ ಮೇಲೆ, ಅದು ಸಿಗದಲ್ಲಿ ಚಕ್ಕಡಿಯಲ್ಲಿ ಹೇರಿಕೊಂಡು, ಮುಧೋಳ, ಲೋಕಾಪುರ, ಬೀಳಗಿ ಎಂದು ಸುತ್ತುವುದು ನನ್ನ ಪಾಲಿನ ಕೆಲಸ. ಆ್ಯಸಿಡ್ಡು ಸಿಡಿದು ನನ್ನ ಪ್ಯಾಂಟುಗಳೆಲ್ಲ ಜಾಳಿಗೆಯಾಗಿದ್ದವು. ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ನಾನು ಬ್ಯಾಟರಿ ಮಾಸ್ತರ.

ಬ್ಯಾಟರಿ ಬೇಗ ತೀರುವ ಊರೆಂದರೆ ಬನಹಟ್ಟಿ. ಅಲ್ಲಿನ ನೇಕಾರರ ಓಣಿಯ ಪೆಟ್ಟಿಗೆ ನನಗೊಂದು ತಲೆನೋವಾಗಿತ್ತು. ಸಂಜೆ ಮಗ್ಗದ ಕುಣಿಯಿಂದ ಎದ್ದು ಬಂದವರು ರೇಡಿಯೊದ ಮುಂದೆ ಕೂತರೆ ನಿಲಯ ಮುಚ್ಚುವವರೆಗೂ ಏಳುತ್ತಿರಲಿಲ್ಲ. ಸುದ್ದಿ ಮುಗಿಯುತ್ತಲೇ ಜಗಳ ಶುರು. ಅವನು ಹೀಗೆಂದ, ಇಲ್ಲ ಹಾಗೆಂದ, ನಿನ್ನ ಕಿವಿಯಲ್ಲಿ ಹತ್ತಿ ಇದೆ, ನಿನ್ನ ತಲೆಯಲ್ಲಿ ಇದೆ. "ಹಿಂಗ ಹಚ್ಚಿದ್ರ ನಾ ಎಷ್ಟ ಬ್ಯಾಟರಿ ಹೊರಲಿ?" ಎಂದು ನಾನು ಒಮ್ಮೆ ರೇಗಿದಾಗ ಒಬ್ಬ ಹಿರಿಯ ನೇಕಾರ ನಕ್ಕುಬಿಟ್ಟ. "ನಮ್ಮ ಓಣ್ಯಾಗ ತಿಳಿಸಿ ಹೇಳಾವ್ರು ಯಾರೂ ಇಲ್ರಿ ಮಾಸ್ತರ. ಅದಕ್ಕ ಬಡದಾಡಿ ತಿಳಕೋತೇವಿ" ಎಂದ. ಆಗ ಅದು ನನಗೆ ಬರೀ ಚೇಷ್ಟೆಯ ಮಾತಾಗಿ ಕೇಳಿಸಿತು.

ಗೌಡರ ಊರು ಹುನ್ನೂರಿನಿಂದ ಮುಂದೆ, ಬಸ್ಸಿನ ದಾರಿ ಬಿಟ್ಟು ಒಳಗೆ ಇತ್ತು. ಊರಿನ ಹೆಸರು ಬೇಡ. ಅಲ್ಲಿ ಹೆಚ್ಚಿನವು ಕುರುಬರ ಮನೆಗಳು, ಬೀರಪ್ಪ ದೇವರ ಒಕ್ಕಲು. ಕುರಿಯೂ ಉಂಟು, ಬೇಸಾಯವೂ ಉಂಟು. ಆದರೆ ಉಳುವ ಹೊಲಗಳಲ್ಲಿ ಮುಕ್ಕಾಲು ಪಾಲು ಗೌಡರ ಹೆಸರಿನಲ್ಲಿದ್ದವು. ಮೂರು ತಲೆಮಾರಿನಿಂದ ಅದೇ ಹೊಲವನ್ನು ಅದೇ ಮನೆಯವರು ಪಾಲಿಗೆ ಮಾಡುತ್ತ ಬಂದಿದ್ದರು. ಇಂಥವರನ್ನು ಕಾಯ್ದೆಯ ಮಾತಿನಲ್ಲಿ ಕುಳ ಎನ್ನುತ್ತಿದ್ದರು. ಕುಳವನ್ನು ಹೊಲದಿಂದ ಎಬ್ಬಿಸುವಂತಿಲ್ಲ ಎಂಬ ಕಾಯ್ದೆ ಆಗಲೇ ಇತ್ತು. ಇನ್ನೂ ಬಿಗಿಯಾದದ್ದು ಬರುತ್ತದೆ, ಉಳುವವನ ಹೆಸರಿಗೇ ಹೊಲವಾಗುತ್ತದೆ ಎಂದು ಜಮಖಂಡಿಯ ಚಹಾದಂಗಡಿಗಳಲ್ಲೆಲ್ಲ ಮಾತಿತ್ತು. ರೇಡಿಯೊದಲ್ಲೂ ಇದು ಮೇಲಿಂದ ಮೇಲೆ ಬರುತ್ತಿತ್ತು. ಆದರೆ ಈ ಊರಿನಲ್ಲಿ ಯಾರ ಬಾಯಲ್ಲೂ ಅದರ ಸುದ್ದಿಯಿರಲಿಲ್ಲ. ತುಂಬಿಕೊಂಡೇ ಇದ್ದ ಬ್ಯಾಟರಿಯನ್ನು ನೋಡಿ ನನಗೆ ಬಂದ ಸಂಶಯ ಇದೇ: ಗೌಡರು ರೇಡಿಯೊ ಹಚ್ಚುವುದೇ ಇಲ್ಲ, ಅಥವಾ ಬೇಕಾದದ್ದಕ್ಕೆ ಹಚ್ಚಿ ಬೇಡವಾದದ್ದಕ್ಕೆ ಆರಿಸುತ್ತಾರೆ.

ಕೇಳಿಯೇಬಿಟ್ಟೆ. ಗೌಡರು ಮುಚ್ಚಿಡಲಿಲ್ಲ.

"ಹಚ್ಚತೇನಿ, ಸುದ್ದಿ ಕೇಳತೇನಿ, ಬಂದ್ ಮಾಡತೇನಿ. ಮಂದಿ ಹೊಲದಿಂದ, ಕುರಿ ಹಿಂದಿಂದ ಬರೂದ್ರಾಗ ಹೊತ್ತ ಹೋಗಿರತೈತಿ. ಆಮ್ಯಾಲ ಗುಡಿ ಕಟ್ಟಿಗೆ ಕುಂತು ಎಲ್ಲಾ ಬಿಡಸಿ ಹೇಳತೇನಿ. ಸರ್ಕಾರದ್ದು ಬ್ಯಾಟರಿ ಸುಮ್ಮ ಯಾಕ ಹಾಳ ಮಾಡೂದು?"

ಇದಕ್ಕೆ ಏನು ಹೇಳುತ್ತೀರಿ? ಮನುಷ್ಯ ಒಳ್ಳೆಯವರೇ. ಊರಿಗೆ ಶಾಲೆ ತರಿಸಿದವರು ಅವರು, ಕಾಲರಾ ಬಂದಾಗ ಸೂಜಿ ಹಾಕುವವರನ್ನು ಚಕ್ಕಡಿ ಕಳಿಸಿ ಕರೆಸಿದವರೂ ಅವರೇ. ಹುಬ್ಬಳ್ಳಿಯಿಂದ ಬರುವ ಪೇಪರನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದರು. ನಾನು ಹೋದಾಗಲೆಲ್ಲ ಊಟ ಮಾಡಿಸದೆ ಕಳಿಸಿದವರಲ್ಲ. ದನದ ಸಂತೆ ಯಾವಾಗ, ಮಳೆ ಯಾವ ಕಡೆಗೆ, ಹತ್ತಿಯ ಧಾರಣೆ ಏನು ಎಂದು ಅವರು ರೇಡಿಯೊ ಕೇಳಿ ಹೇಳಿದ್ದು ಒಂದೂ ಸುಳ್ಳಾಗಿರಲಿಲ್ಲ. ಸುಳ್ಳು ಹೇಳದ ಬಾಯಿ ಎಂದು ಹತ್ತೂರಲ್ಲಿ ಹೆಸರಿತ್ತು.

ಪೆಟ್ಟಿಗೆಯ ಕೆಲಸದಲ್ಲಿ ನನಗೆ ಆ ಊರಿನಲ್ಲಿ ಜೊತೆಯಾದವನು ಒಬ್ಬ ಮುದುಕ. ಎಲ್ಲರೂ ಅಜ್ಜ ಎನ್ನುತ್ತಿದ್ದರು, ನಾನೂ ಅಜ್ಜ ಎಂದೆ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕುರಿ ಕಾಯುವ ಕೋಲು. ರೇಡಿಯೊಕ್ಕೆ ಭೂಮಿಯ ತಂತಿ ಎಂದು ಒಂದಿರುತ್ತದೆ. ಇದ್ದಿಲು, ಉಪ್ಪು ಹಾಕಿ ತಾಮ್ರದ ತಗಡನ್ನು ಹೂತು, ಅದರಿಂದ ತಂತಿ ಎಳೆದು ಪೆಟ್ಟಿಗೆಗೆ ಕೊಡಬೇಕು. ಆ ಜಾಗ ಒಣಗಿದರೆ ದನಿ ಕರಕರ ಎನ್ನುತ್ತದೆ. "ದಿನಾ ಒಂದು ತಂಬಿಗಿ ನೀರು ಹಾಕಾವ್ರು ಬೇಕು" ಎಂದು ನಾನು ಮೊದಲ ದಿನ ಹೇಳಿದ್ದೆ. ಅಜ್ಜ ಅದನ್ನು ಬೀರಪ್ಪನ ಸೇವೆ ಎಂಬಂತೆ ತಲೆಯ ಮೇಲೆ ಹೊತ್ತುಕೊಂಡ. ಬೆಳಗ್ಗೆ ಮೈ ತೊಳೆದುಕೊಂಡು ಬಂದು ನೀರು ಹಾಕಿ ಕೈ ಮುಗಿದೇ ಕುರಿಯ ಹಿಂದೆ ಹೋಗುತ್ತಿದ್ದ. ನಾನು ನಕ್ಕರೆ, "ನೆಲದ ತಾಯಿ ಗಂಟಲ ಒಣಗಿದ್ರ ಮಾತ ಹೆಂಗ ಬರತೈತ್ರಿ ಮಾಸ್ತರ?" ಎನ್ನುತ್ತಿದ್ದ. ತಾಂತ್ರಿಕವಾಗಿ ನೋಡಿದರೂ ಅವನು ಹೇಳಿದ್ದು ಸರಿಯೇ ಇತ್ತು.

ಅಜ್ಜನಿಗೆ ಹಳ್ಳದ ದಂಡೆಗೆ ಒಂದು ಎರೆ ಹೊಲ. ಹೊಲ ಗೌಡರದು, ಬೆವರು ಇವನ ಅಪ್ಪನ ಕಾಲದಿಂದ ಇವರದು. ಮಗ ತೀರಿಕೊಂಡಿದ್ದ. ಮನೆಯಲ್ಲಿ ಸೊಸೆ, ಎರಡು ಸಣ್ಣ ಮಕ್ಕಳು. ಸೊಸೆಯ ತವರು ರಬಕವಿಯ ಕಡೆ. ಮಾತು ಚುರುಕು, ಕಿವಿ ಇನ್ನೂ ಚುರುಕು. ಒಂದು ದಿನ ಅವರ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಾಗ ಅವಳು ಬಾಗಿಲ ಮರೆಯಿಂದ ಕೇಳಿದಳು: "ಮಾಸ್ತರ, ನಮ್ಮ ತವರ ಕಡೆ ಕುಳದ ಹೊಲ ಕುಳಕ್ಕ ಅಂತ ರೇಡಿಯೋದಾಗ ಹೇಳಾಕತ್ತಾರಂತ. ನಮ್ಮೂರ ರೇಡಿಯೋದಾಗ ಯಾಕ ಹೇಳೂದಿಲ್ಲ?"

ಅಜ್ಜ ಅವಳನ್ನು ಗದರಿಸಿದ. ಆದರೆ ನಾನು ಆ ಹೊತ್ತಿಗೇ ಮನಸ್ಸಿನಲ್ಲಿ ನಿಶ್ಚಯ ಮಾಡಿದೆ: ಪೆಟ್ಟಿಗೆ ಗೌಡರ ಪಡಸಾಲೆಯಲ್ಲೇ ಇರಲಿ, ದನಿಯನ್ನು ಮಾತ್ರ ಹೊರಗೆ ತರಬೇಕು.

ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ಮುಧೋಳದಲ್ಲಿ ಮುಚ್ಚಿಹೋಗಿದ್ದ ಒಂದು ಟೂರಿಂಗ್ ಟಾಕೀಸಿನ ಸಾಮಾನಿನಲ್ಲಿ ತಗಡಿನ ಒಂದು ತುತ್ತೂರಿ ಸಿಕ್ಕಿತು. ನಮ್ಮ ಕಡೆ ಇದಕ್ಕೆ ಭೋಂಗಾ ಎನ್ನುತ್ತಾರೆ. ತುತ್ತೂರಿ ಚೆನ್ನಾಗಿತ್ತು, ಅದರ ಬುಡದ ಪಡದೆ ಹರಿದಿತ್ತು. ಬೇರೊಂದು ಪಡದೆ ಕೂರಿಸಿದೆ. ಗೌಡರ ಮನೆಯಿಂದ ಬೀರಪ್ಪನ ಗುಡಿ ಒಂದು ಓಣಿಯ ದೂರ. ಅಷ್ಟು ಉದ್ದದ ತಂತಿಯಲ್ಲಿ ದನಿ ಸೋರಿಹೋಗುತ್ತದೆ. ಅದನ್ನು ತಡೆಯಲು ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬೇಕು. ಹಳೆಯದೊಂದರ ಸುರುಳಿ ಬಿಚ್ಚಿ, ಕೂದಲೆಳೆಯಂಥ ತಂತಿಯನ್ನು ಸುತ್ತು ತಪ್ಪದಂತೆ ಕೈಯಿಂದ ಮತ್ತೆ ಸುತ್ತಿದೆ. ಎರಡು ಸಲ ಒಳಗೇ ಎಲ್ಲೋ ತುಂಡಾಗಿ, ಮತ್ತೆ ಮೊದಲಿಂದ ಬಿಚ್ಚಬೇಕಾಯಿತು. ಆಫೀಸಿನಲ್ಲಿ ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಗೌಡರನ್ನು ಒಪ್ಪಿಸುವುದೇ ದೊಡ್ಡ ಕೆಲಸ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಸರಕಾರದ ಉದ್ದೇಶ, ಜನರ ಹಕ್ಕು, ಏನೇನೋ. ಅವರು ಭೋಂಗಾವನ್ನು ತಿರುಗಿಸಿ ಮುರುಗಿಸಿ ನೋಡಿ, "ಹಚ್ಚರಿ, ಛಲೋ ಆತು. ಗುಡಿ ಮುಂದ ಊರ ಮಂದಿ ಎಲ್ಲಾ ಕೇಳಲಿ. ನನಗೂ ಗಂಟಲಾ ನೋವು ತಪ್ಪತೈತಿ" ಎಂದರು. ಆಳು ಕಳಿಸಿ ಏಣಿಯನ್ನೂ ತರಿಸಿದರು. ನನ್ನ ಮಾತೆಲ್ಲ ಹೊಟ್ಟೆಯಲ್ಲೇ ಉಳಿಯಿತು. ಎಷ್ಟು ಸಲೀಸಾಗಿ ಒಪ್ಪಿದರಲ್ಲ, ನಾನೇ ಸುಮ್ಮನೆ ಸಂಶಯಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು.

ತಂತಿ ಹಿಡಿಯುವ ಪಿಂಗಾಣಿ ಗುಬ್ಬಿಗಳನ್ನು ಗೋಡೆಗೆ ಬಡಿದು, ಓಣಿಯಗುಂಟ ತಂತಿ ಎಳೆದು, ಗುಡಿಯ ಗೋಡೆಯ ಮೇಲೆ ಭೋಂಗಾ ಕಟ್ಟಿದೆ. ಮೊದಲ ಸಂಜೆ ಬಂದದ್ದು ದನಿಯಲ್ಲ, ಕಡಲೆ ಹುರಿದ ಸದ್ದು. ಅಜ್ಜ ತಂಬಿಗೆ ಬಿಟ್ಟು ಒಂದು ಕೊಡ ನೀರನ್ನೇ ತಂದು ತಗಡು ಹೂತ ಜಾಗಕ್ಕೆ ಸುರಿದ. ಸದ್ದು ನಿಂತಿತು. ಹೆಣ್ಣುಮಗಳೊಬ್ಬಳು ಜಾನಪದ ಹಾಡುವುದು ಊರ ತುಂಬ ಕೇಳಿತು. ಕುರಿಗಳು ಬೆದರಿದವು, ಮಕ್ಕಳು ಕುಣಿದರು. ಅಜ್ಜ ಭೋಂಗಾದ ಕೆಳಗೆ ಕಂಬಳಿ ಹಾಸಿಕೊಂಡು ಕೂತುಬಿಟ್ಟ. ಅಂದಿನಷ್ಟು ಖುಷಿ ನನಗೆ ನನ್ನ ಕೆಲಸದಲ್ಲಿ ಮತ್ತೆಂದೂ ಆಗಲಿಲ್ಲ.

ಮುಂದೆ ನಡೆದದ್ದು ತಿಳಿಯಬೇಕಾದರೆ ಆ ಊರಿನ ಒಂದು ಪದ್ಧತಿ ಹೇಳಬೇಕು. ವರ್ಷಕ್ಕೊಮ್ಮೆ ಬೀರಪ್ಪನ ಪೂಜಾರಿ ಮೈದುಂಬಿ ಒಂದು ಹೇಳಿಕೆ ನುಡಿಯುತ್ತಾನೆ. ನಾಲ್ಕೇ ಶಬ್ದ. "ಮೂಡಲ ಬಾಗಿಲ ಅರ್ಧ ತೆರೀತು" ಎಂಬಂಥದ್ದು. ಕೇಳಿದವರು ತಮತಮಗೆ ತೋಚಿದಂತೆ ಅರ್ಥ ಮಾಡುವಂತಿಲ್ಲ. ಅದು ದೇವರಿಗೆ ಅಪಚಾರ. ಗೌಡರ ಮನೆಯ ಹಿರಿಯನೇ ಎದ್ದು ನುಡಿ ಬಿಡಿಸಬೇಕು. ಮುಂಗಾರು ಅರ್ಧ ಬರುತ್ತದೆ, ಎರೆಗೆ ಹಿಂಗಾರಿ ಜೋಳ ಬಿತ್ತಿರಿ ಎಂದು ಅವನು ಹೇಳಿದರೆ ಊರು ಹಾಗೆಯೇ ಬಿತ್ತುತ್ತದೆ. ಸಂಸ್ಥಾನದ ಕಾಲದ ಡಂಗುರವನ್ನೂ ಹೀಗೆಯೇ ಬಿಡಿಸುತ್ತಿದ್ದರಂತೆ. ಈ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದಲ್ಲ. ಅದಕ್ಕೂ ನನ್ನ ಭೋಂಗಾಕ್ಕೂ ಸಂಬಂಧವಿದೆ ಎಂದು ಹೊಳೆಯಲಿಲ್ಲ.

ಮುಂದಿನ ಸಲ ಬ್ಯಾಟರಿ ಬದಲಿಸಲು ಹೋದ ಸಂಜೆ ನಾನು ಗುಡಿಯ ಮುಂದೆಯೇ ಕೂತೆ. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಹಿಂದೆ ಬೇವಿನ ಮರದ ಬುಡಕ್ಕೆ, ಗೌಡರು ಗುಡಿಯ ಮೆಟ್ಟಿಲ ಮೇಲೆ. ಸುದ್ದಿ ಬಂತು. ಬಂದದ್ದು ಕುಳದ ಮಾತೇ. ಕುಳಗಳನ್ನು ಒಡೆಯರು ಜುಲುಮೆಯಿಂದ ಎಬ್ಬಿಸುವಂತಿಲ್ಲ. ಕುಳ ಸ್ವಸಂತೋಷದಿಂದ, ಅದೂ ತಾಲೂಕಿನ ಮಾಮಲೇದಾರರ ಮುಂದೆ ಒಪ್ಪಿ ಬಿಟ್ಟುಕೊಟ್ಟರೆ ಮಾತ್ರ ಅದು ಸಿಂಧು. ಪುಸ್ತಕದ ಕನ್ನಡವೇ, ಆದರೆ ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದರು. ಭೋಂಗಾದ ದನಿ ಕನ್ನಡಿಯಂತೆ ಸ್ವಚ್ಛವಿತ್ತು. ಈಗ ಜನ ಎದ್ದು ನಿಲ್ಲುತ್ತಾರೆ, ಬನಹಟ್ಟಿಯಂತೆ ಇಲ್ಲೂ ಜಗಳ ಶುರುವಾಗುತ್ತದೆ ಎಂದು ಕಾದೆ.

ಯಾರೂ ಏಳಲಿಲ್ಲ. ಸುದ್ದಿ ಮುಗಿಯಿತು. ಅಷ್ಟೂ ಜನ ಭೋಂಗಾದ ಕಡೆಯಿಂದ ಗೌಡರ ಕಡೆಗೆ ಮುಖ ತಿರುಗಿಸಿದರು. ಅಜ್ಜ ಕೈ ಮುಗಿದು ಹೇಳಿದ:

"ಬಿಡಸ್ರಿ ಧಣಿ."

ಗೌಡರು ರುಮಾಲು ಸರಿಮಾಡಿಕೊಂಡು ಎದ್ದು ನಿಂತರು. ಅವಸರವಿಲ್ಲ, ಸಿಟ್ಟಿಲ್ಲ. "ಎಲ್ಲಾರೂ ಕೇಳಿದ್ರಿಲ್ಲ? ಕಾಯ್ದೆ ಬರೂದೈತಿ. ಕುಳದ ತಾಬಾದಾಗ ಇದ್ದ ಹೊಲ ಸರ್ಕಾರ ತನ್ನ ಕೈಗೆ ತೊಗೋತೈತಿ. ಒಡೆಯನ ಹೆಸರಿಗೆ ಇದ್ದದ್ದು ಉಳೀತೈತಿ. ಅದಕ್ಕ ಸಂತೋಷಲೇ ಬಿಟ್ಟಕೊಡ್ರಿ, ಮಾಮಲೇದಾರ ಮುಂದ ಹೋಗಿ ಒಪ್ಪಕೋರಿ ಅಂತ ಹೇಳ್ಯಾರ. ಕಾಯ್ದೆದ ಗಾಳಿ ದಾಟಿ ಹೋಗಲಿ. ಆಮ್ಯಾಲ, ಕುಳದ ಹೊಲ ತಿರುಗಿ ಕೊಡ್ರಿ ಅಂತ ಇದ ರೇಡಿಯೋ ಹೇಳತೈತಿ. ಅವತ್ತ ನಿಮ್ಮ ಹೊಲ ನಿಮಗ. ಬೀರಪ್ಪನ ಮುಂದ ನಿಂತು ಹೇಳಾಕತ್ತೇನಿ."

ಅವರು ಒಂದು ಶಬ್ದವನ್ನೂ ಹೊಸದಾಗಿ ತಂದಂತೆ ಕಾಣಲಿಲ್ಲ. ಸಂತೋಷ, ಮಾಮಲೇದಾರ, ಒಪ್ಪಿ, ಬಿಟ್ಟುಕೊಡು. ಎಲ್ಲವೂ ಈಗ ತಾನೇ ಎಲ್ಲರ ಕಿವಿಗೂ ಬಿದ್ದ ಮಾತುಗಳೇ. ಜನ ತಲೆಯಾಡಿಸಿದರು. ತಾವೇ ಕೇಳಿದ್ದೇವೆ ಎಂಬ ಧೈರ್ಯ ಅವರ ಮುಖದಲ್ಲಿತ್ತು. ಆ ಧೈರ್ಯವನ್ನು ತಂತಿ ಎಳೆದು, ಗುಬ್ಬಿ ಬಡಿದು ತಂದುಕೊಟ್ಟವನು ನಾನು. ಪಡಸಾಲೆಯಲ್ಲಿ ಒಬ್ಬರೇ ಕೇಳಿ ಬಂದು ಹೇಳುತ್ತಿದ್ದಾಗ ಯಾರಿಗಾದರೂ ಒಂದಿಷ್ಟು ಸಂಶಯಕ್ಕೆ ಜಾಗವಿತ್ತೇನೋ. ಈಗ ಅದೂ ಇರಲಿಲ್ಲ.

ಹಿಂದಿನಿಂದ ಒಂದು ಹೆಣ್ಣುದನಿ ಬಂತು. ಅಜ್ಜನ ಸೊಸೆ. "ಮಾವ, ರೇಡಿಯೋದಾವ ಹಂಗ ಅಂದಿಲ್ಲ. ಜುಲುಮಿ ಮಾಡಬಾರದು ಅಂದ. ನನಗ ಕೇಳಸೇತಿ."

ಯಾರೋ ಕಿಸಕ್ಕೆಂದರು. "ಹೆಂಗಸ್ರು ಯಾವಾಗಿಂದ ನುಡಿ ಬಿಡಸಾಕ ಹತ್ಯಾರಪಾ?" ಎಂದಿತು ಇನ್ನೊಂದು ದನಿ. ಅಜ್ಜ ತಿರುಗಿಯೂ ನೋಡದೆ, "ಸುಮ್ನ ಕುಂಡ್ರಬೇ" ಎಂದ.

ಹಳ್ಳಿಯ ವ್ಯವಹಾರದಲ್ಲಿ ಬಾಯಿ ಹಾಕಬಾರದು ಎಂಬುದು ನನ್ನ ನೌಕರಿಯ ಮೊದಲ ನಿಯಮ. ಬ್ಯಾಟರಿ ಬದಲಿಸು, ಸಹಿ ತೆಗೆದುಕೊ, ಮುಂದಿನ ಬಸ್ಸು ಹಿಡಿ. ಆ ಹೊತ್ತಿಗೆ ನನಗೆ ನಿಯಮ ನೆನಪಾಗದೆ ಇರಲಿಲ್ಲ. ನೆನಪಾಗಿಯೂ ಎದ್ದು ನಿಂತೆ. "ಆ ತಂಗಿ ಹೇಳಿದ್ದ ಖರೆ ಐತಿ. ಬಿಟ್ಟಕೊಡ್ರಿ ಅಂತ ರೇಡಿಯೋ ಹೇಳಿಲ್ಲ. ಬಿಟ್ಟಕೊಟ್ರ ಹೊಲ ಹೋತು, ತಿರುಗಿ ಬರೂದಿಲ್ಲ. ಯಾರೂ ಹೆಬ್ಬಟ್ಟ ಒತ್ತಬ್ಯಾಡ್ರಿ" ಎಂದೆ.

ಗೌಡರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮಾಸ್ತರ ಭಾಳ ಛಲೋ ಮನಶಾ. ನಮ್ಮೂರ ಸಲುವಾಗಿ ದುಡದಾರ. ಸಣ್ಣ ವಯಸ್ಸ, ಬಿಸಿ ರಕ್ತ" ಎಂದು ನಕ್ಕರು. ಅವರ ಹಿಂದೆ ಜನರೂ ನಕ್ಕರು, ಪ್ರೀತಿಯಿಂದಲೇ.

ಅಜ್ಜ ಮಾತ್ರ ನಗಲಿಲ್ಲ. ನನ್ನ ಕೈ ಹಿಡಿದು ಕೂರಿಸಿಕೊಂಡು, ಸಣ್ಣ ಮಗುವಿಗೆ ಹೇಳುವಂತೆ ಹೇಳಿದ: "ಮಾಸ್ತರ, ನೀವು ಪೆಟಗಿ ಬಲ್ಲಾವ್ರು. ಪೆಟಗಿ ಕೆಟ್ರ ನಿಮ್ಮನ್ನ ಕರೀತೇವಿ. ನುಡಿ ಬಿಡಸೂದು ಅವರ ಮನಿತನದ ಕೆಲಸ. ಅದರಾಗ ನೀವು ಕೈ ಹಾಕಬಾರ್ದು."

ಅಂದು ಬಸ್ಸು ಸಿಗಲಿಲ್ಲ. ಹುನ್ನೂರಿನವರೆಗೆ ನಡೆದೆ. ಗೌಡರ ಮೇಲೆ, ಅಜ್ಜನ ಮೇಲೆ, ಕೇಳಿದ್ದನ್ನು ಕೇಳಿಸಿಕೊಳ್ಳದ ಆ ಅಷ್ಟೂ ತಲೆಗಳ ಮೇಲೆ ಸಿಟ್ಟು ಉಕ್ಕುತ್ತಿತ್ತು. ಬಾಯಿ ಮುಚ್ಚಿಸಿದರೆ ತೆರೆಸಬಹುದು, ತಂತಿ ಕತ್ತರಿಸಿದರೆ ಕೂಡಿಸಬಹುದು. ಕಿವಿಗೆ ಬಿದ್ದ ಮಾತು ಮನಸ್ಸಿಗೆ ಹೋಗುವ ದಾರಿಯಲ್ಲಿ ಒಬ್ಬರು ಕೂತಿದ್ದರೆ ಏನು ಮಾಡುವುದು? ನನ್ನ ಚೀಲದಲ್ಲಿ ಅದಕ್ಕೆ ಸಲಕರಣೆ ಇರಲಿಲ್ಲ.

ಸುಮ್ಮನೆ ಬಿಡಲೂ ಆಗಲಿಲ್ಲ. ಬನಹಟ್ಟಿಯ ಆ ಹಿರಿಯ ನೇಕಾರನಿಗೆ ಹೇಳಿ, ಒಂದು ದಿನ ಮಗ್ಗ ಬಿಡಿಸಿ ನನ್ನ ಜೊತೆ ಕರೆದುಕೊಂಡು ಹೋದೆ. ಅವನು ಅಜ್ಜನ ಕಟ್ಟೆಯ ಮೇಲೆ ಕೂತು ತನ್ನ ಓಣಿಯವರು ಕೇಳಿದ್ದನ್ನು, ಬಡಿದಾಡಿದ್ದನ್ನು, ಕಡೆಗೆ ತಿಳಿದುಕೊಂಡದ್ದನ್ನು ಹೇಳಿದ. ಅಜ್ಜ ಪೂರ್ತಿ ಕೇಳಿದ. ನೇಕಾರನಿಗೆ ಬಿಸಿರೊಟ್ಟಿ, ಕುರಿಯ ಹಾಲು ಕೊಡಿಸಿದ. ಕಡೆಗೆ ಕೇಳಿದ್ದು ಒಂದೇ ಮಾತು: "ನಿಮ್ಮ ಓಣ್ಯಾಗ ಬಿಡಸಾವ್ರು ಯಾರು?"

"ಯಾರೂ ಇಲ್ಲ. ನಾವ."

"ಪಾಪ," ಎಂದ ಅಜ್ಜ, ಮನಸಾರೆ ಮರುಗಿ.

ಊರಿನ ಕುಳಗಳು ಹೊಲ ಬಿಟ್ಟುಕೊಡಲು ಜಮಖಂಡಿಯ ಮಾಮಲೇದಾರ ಕಚೇರಿಗೆ ಬರುವ ದಿನ ನಾನು ಚಾರ್ಜಿಗೆ ಹಾಕಿದ ಬ್ಯಾಟರಿಗಳನ್ನು ಬಿಟ್ಟು ಅಲ್ಲಿಗೆ ಹೋದೆ. ಗೌಡರ ಚಕ್ಕಡಿಗಳಲ್ಲೇ ಬಂದಿದ್ದರು. ತೊಳೆದ ಧೋತರ, ಹೊಸ ರುಮಾಲು. ಮದುವೆಗೆ ಬಂದವರಂತೆ ಇದ್ದರು. ಅಜ್ಜ ನನ್ನನ್ನು ಕಂಡು, "ಮಾಸ್ತರೂ ಬಂದಾರ ನೋಡ್ರಿ" ಎಂದು ಎಲ್ಲರಿಗೂ ಹೇಳಿದ. ನಾನು ಅವನನ್ನು ಪಕ್ಕಕ್ಕೆ ಕರೆದು, "ಅಜ್ಜಾ, ಒಳಗ ಕೇಳತಾರ, ಸಂತೋಷಲೇ ಬಿಟ್ಟೀಯೇನು ಅಂತ. ಇಲ್ಲಾ ಅಂದ್ರ ಸಾಕು. ಒಂದ ಮಾತು. ಹೊಲ ಉಳೀತೈತಿ" ಎಂದೆ.

"ಹಂಗಾದ್ರ ಸಂತೋಷ ಇಲ್ಲಂತ ಸುಳ್ಳ ಹೇಳ್ಲ್ಯಾ?" ಎಂದು ಅವನು ನನ್ನ ಮುಖ ನೋಡಿದ.

ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡೆ. ಕಾಯ್ದೆಯಂತೆ ಅಜ್ಜನನ್ನು ಕೇಳಬೇಕಾದದ್ದರಲ್ಲಿ ಒಂದನ್ನೂ ಮಾಮಲೇದಾರರು ಬಿಡಲಿಲ್ಲ. ಯಾರಾದರೂ ಹೆದರಿಸಿದರೇ? ಇಲ್ಲರೀ. ಜುಲುಮೆ ಉಂಟೇ? ಇಲ್ಲರೀ. ಸ್ವಸಂತೋಷದಿಂದ ಬಿಡುತ್ತೀಯಾ? ಹೌದ್ರಿ ಸಾಹೇಬ್ರ, ಭಾಳ ಸಂತೋಷ ಐತಿ. ಅವನ ದನಿಯಲ್ಲಿ ನಿಜವಾಗಿಯೂ ಸಂತೋಷವಿತ್ತು. ಹೆಬ್ಬೆರಳ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದ. ನಾನು ಕಚೇರಿಯ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ಗಂಡಸು ಅಳಬಾರದು ಎನ್ನುತ್ತಾರೆ, ಹೇಳುವವರಿಗೇನು.

ಸುಗ್ಗಿ ಮುಗಿದ ಮೇಲೆ ಗೌಡರ ಮನೆಯ ಆಳುಗಳು ಹಳ್ಳದ ದಂಡೆಯ ಹೊಲಕ್ಕೆ ಕುಂಟೆ ಹೂಡಿದರು. ಅಜ್ಜ ಬೇಸರ ಮಾಡಿಕೊಳ್ಳಲಿಲ್ಲ. ಹೊಲ ಸ್ವಲ್ಪ ದಿನ ಧಣಿಯ ಹತ್ತಿರ ಇಟ್ಟಿದ್ದೇನೆ ಎಂಬಂತಿದ್ದ. ನಾನು ಹೋದಾಗಲೆಲ್ಲ ಭೋಂಗಾದ ಕೆಳಗೇ ಸಿಗುತ್ತಿದ್ದ. ಕುರಿಗಳನ್ನು ಬೇರೆಯವರ ಜೊತೆ ಬಿಟ್ಟು, ಹೊತ್ತು ಇಳಿಯುವ ಮೊದಲೇ ಬಂದು ಕೂರುತ್ತಿದ್ದ. ಹಾಡು ಬೇಡ, ಕತೆ ಬೇಡ. ಸುದ್ದಿಯ ಹೊತ್ತಿಗೆ ಮಾತ್ರ ಎದ್ದು ಭೋಂಗಾದ ಬಾಯಿಗೆ ಕಿವಿ ಕೊಡುತ್ತಿದ್ದ. "ಇನ್ನ ಬಂದಿಲ್ರಿ. ಬರತೈತಿ" ಎನ್ನುತ್ತಿದ್ದ. ಭೂಮಿಯ ತಂತಿಗೆ ದಿನಕ್ಕೆ ಎರಡು ಸಲ ನೀರು ಹಾಕತೊಡಗಿದ್ದ. ಅವನ ಸೊಸೆ ಈಗ ಬೇರೆಯವರ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಒಮ್ಮೆ ದಾರಿಯಲ್ಲಿ ಸಿಕ್ಕು, "ಮಾಸ್ತರ, ಅದನ್ನ ಬಂದ್ ಮಾಡ್ರಿ. ನಮ್ಮ ಮಾವ ಉಣ್ಣೂದ ಬಿಟ್ಟು ಅದರ ಬಾಯಿ ನೋಡಕೋತ ಕುಂಡ್ರತಾನ" ಎಂದಳು.

ಬಂದ್ ಮಾಡುವ ಹುಕುಂ ತಾನಾಗಿಯೇ ಬಂತು. ಊರಿಗೆ ಇನ್ನು ಸರಕಾರದ ರೇಡಿಯೊದ ಗರಜು ಇಲ್ಲ, ಬೇರೆ ಊರಿಗೆ ಕೊಡಬಹುದು ಎಂದು ಗೌಡರು ಬರೆದಿದ್ದರು. ಅವರ ಮನೆಗೆ ಸ್ವಂತದ್ದು ಬಂದಿತ್ತು. ಆಫೀಸಿನವರು ಪೆಟ್ಟಿಗೆ ಬಿಚ್ಚಿ ತಾ ಎಂದರು. ಹೋದೆ. ಏರಿಯಲ್ ಇಳಿಸಿ ಸುತ್ತಿದೆ, ಪಡಸಾಲೆಯ ಪೆಟ್ಟಿಗೆ ಬಿಚ್ಚಿದೆ, ಗುಬ್ಬಿಗಳನ್ನು ಒಂದೊಂದಾಗಿ ಕಿತ್ತೆ. ಗುಡಿಯ ಗೋಡೆಗೆ ಏಣಿ ಹಚ್ಚುವಾಗ ಅಜ್ಜ ಓಡುತ್ತ ಬಂದ. ಆ ವಯಸ್ಸಿನಲ್ಲಿ ಅವನು ಓಡಿದ್ದನ್ನು ನಾನು ಅಂದೇ ನೋಡಿದ್ದು.

"ಅದನ್ನ ಒಯ್ಯಬ್ಯಾಡ್ರಿ ಮಾಸ್ತರ. ನನ್ನ ಹೊಲದ ಸುದ್ದಿ ಬರೂದೈತಿ."

ನಾನು ಏಣಿಯ ಮೇಲೆಯೇ ನಿಂತೆ. ಸರಕಾರದ ಹುಕುಂ ಎಂದೆ. ಬೇರೆ ಊರಿನವರು ಕಾಯುತ್ತಿದ್ದಾರೆ ಎಂದೆ. ಅವನು ಕೈ ಚಾಚಿದ. ಇಳಿಸಿ ಕೊಟ್ಟೆ. ಭೋಂಗಾವನ್ನು ತನ್ನ ಕಂಬಳಿಯಿಂದ ಒರೆಸಿ, ಕುರಿಮರಿಯನ್ನು ಎತ್ತಿಕೊಳ್ಳುವಂತೆ ಎದೆಗೆ ಎತ್ತಿಕೊಂಡು ಚಕ್ಕಡಿಯವರೆಗೆ ತಂದ. ಹುಲ್ಲಿನ ಮೇಲೆ ನೋವಾಗದಂತೆ ಇಟ್ಟ.

"ಮಾಸ್ತರ, ಜಮಖಂಡ್ಯಾಗ ನಿಮ್ಮ ಆಫೀಸಿನ್ಯಾಗೂ ರೇಡಿಯೋ ಇರತೈತಿಲ್ರಿ?"

"ಐತಿ ಅಜ್ಜಾ."

"ಹಂಗಾದ್ರ ನನ್ನ ಸುದ್ದಿ ಬಂದ ದಿನ ಒಂದ ಮಾತು ಹೇಳಿ ಕಳಸ್ರಿ. ಅವತ್ತ ಬರತೇನಿ."

ಅದು ಬರುವುದಿಲ್ಲ ಅಜ್ಜಾ, ಎಂದೂ ಬರುವುದಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದೇ ಮಾತನ್ನು ಗುಡಿಯ ಮುಂದೆ ಹೇಳಿದ್ದೆ, ಅವನ ಕಟ್ಟೆಯ ಮೇಲೆ ಹೇಳಿಸಿದ್ದೆ, ಕಚೇರಿಯ ಬಾಗಿಲಲ್ಲಿ ಹೇಳಿದ್ದೆ. ಅವನು ನಂಬಿರಲಿಲ್ಲ. ಎತ್ತುಗಳು ನೊಗ ಅಲುಗಾಡಿಸಿದವು. ಅವನ ಹೆಬ್ಬೆರಳು ಚಕ್ಕಡಿಯ ಅಂಚಿನ ಮೇಲಿತ್ತು.

"ಹೂಂ, ಕಳಸತೇನಿ" ಎಂದೆ.

ಅಜ್ಜ ಮುಖವರಳಿಸಿ, ಎರಡೂ ಕೈ ಎತ್ತಿ ನನಗೆ ಮುಗಿದ. ನಾನು ಹೇಳಿದ್ದರಲ್ಲಿ ಅವನು ನಂಬಿದ್ದು ಅದೊಂದೇ.